ತಲೆ ಮುಟ್ಟಿದರೆ ಅಟ್ಟಿಸಿಕೊಂಡು ಬರುತ್ತಿದ್ದ ಬೆಲ್ಟ್ರೆ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ಶಿವಮೊಗ್ಗದಿಂದ ಟೆಕ್ಸಾಸ್‌ನ ಅರ್ವಿಂಗ್‌ಗೆ ಬಂದು ಮೂರು ತಿಂಗಳಾಯಿತು, ಮನೆಯವರು ಆಫೀಸಿಗೆ ಹೋದ ಮೇಲೆ ಹೊತ್ತೇ ಹೋಗುವುದಿಲ್ಲ, ಅಕ್ಕಪಕ್ಕದವರು ಬೇಸ್‌ಬಾಲ್ ಮಾತಾಡುವಾಗ ಸುಮ್ನೆ ತಲೆಯಾಡಿಸಿಕೊಂಡು ಕೂರಬೇಕು, ಆ ಆಟ ಕಲಿಯುವುದು ಹೇಗೆ ಅಂತ ಕೇಳಿದ್ದೀರಿ. ವೀಸಾ, ಡ್ರೈವಿಂಗ್ ಲೈಸೆನ್ಸ್ ವಿಷಯ ಬೇರೆಯವರು ಹೇಳುತ್ತಾರೆ. ಈ ಪ್ರಶ್ನೆಗೆ ಮಾತ್ರ ನಾನೇ ಉತ್ತರ ಕೊಡಬೇಕು ಅನ್ನಿಸಿತು.

ನಾನು ಭದ್ರಾವತಿಯವಳು. ಬಂದದ್ದು 2011ರಲ್ಲಿ. ನಿಮ್ಮ ಹಾಗೇ ಬಾಲ್ಕನಿಯಲ್ಲಿ ನಿಂತು ಪಾರ್ಕಿಂಗ್‌ನಲ್ಲಿರುವ ಕಾರು ಎಣಿಸಿದವಳು. ಅದೇ ವರ್ಷ ಇಲ್ಲಿನ ಬೇಸ್‌ಬಾಲ್ ತಂಡ ಟೆಕ್ಸಾಸ್ ರೇಂಜರ್ಸ್‌ಗೆ ಇನ್ನೊಬ್ಬ ಬಂದ. ಏಡ್ರಿಯನ್ ಬೆಲ್ಟ್ರೆ. ಡೊಮಿನಿಕನ್ ಗಣರಾಜ್ಯದ ಸಾಂಟೊ ಡೊಮಿಂಗೊದವನು. 19ನೇ ವಯಸ್ಸಿಗೇ ಲಾಸ್ ಏಂಜಲೀಸ್ ತಂಡದಲ್ಲಿ ಆಡಿ, ಆಮೇಲೆ ಸಿಯಾಟಲ್, ಬಾಸ್ಟನ್ ಎಲ್ಲ ಸುತ್ತಿ ಇಲ್ಲಿಗೆ ಬಂದಿದ್ದ. ನಾನು ಈ ಊರಿಗೆ ಒಗ್ಗಿಕೊಂಡಿದ್ದು ಅವನಿಂದ. ಇದನ್ನು ದೊಡ್ಡದು ಮಾಡಿ ಹೇಳುತ್ತಿಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಒಂದು ಸಂಜೆ ನನ್ನನ್ನು ಕರೆದು ಟಿವಿ ಮುಂದೆ ಕೂರಿಸಿದರು. ಚೆಂಡು ನೇರ ಆಕಾಶಕ್ಕೆ ಎದ್ದಿತ್ತು. ಕೆಳಗೆ ಇಬ್ಬರು ನಿಂತಿದ್ದರು. ಒಬ್ಬ ಕತ್ತೆತ್ತಿ ಚೆಂಡನ್ನೇ ನೋಡುತ್ತಿದ್ದಾನೆ, ಇನ್ನೊಬ್ಬ ಅವನ ಪಕ್ಕಕ್ಕೇ ಬಂದು ಗ್ಲೌಸ್ ಚಾಚಿ ಕೀಟಲೆ ಮಾಡುತ್ತಿದ್ದಾನೆ. ಒಬ್ಬರನ್ನೊಬ್ಬರು ತಳ್ಳಾಡಿದರು. ಕೊನೆಗೆ ಬೆಲ್ಟ್ರೆ ಕ್ಯಾಚ್ ಹಿಡಿದ, ಹಿಡಿದವನೇ ತಿರುಗಿ ಗುರಾಯಿಸಿದ. ಆ ಇನ್ನೊಬ್ಬ ಎಲ್ವಿಸ್ ಆಂಡ್ರೂಸ್, ವೆನೆಜುವೆಲಾದ ಹುಡುಗ. ಸಾವಿರಾರು ಜನರ ಮುಂದೆ, ಪಂದ್ಯದ ಮಧ್ಯೆ, ನಮ್ಮ ಮನೆ ಜಗಲಿ ಮೇಲೆ ಅಣ್ಣತಮ್ಮ ಆಡುವ ಹಾಗೆ! ನನಗೆ ಒಂದು ನಿಯಮವೂ ಗೊತ್ತಿರಲಿಲ್ಲ. ಆದರೂ ಜೋರಾಗಿ ನಕ್ಕೆ. ಬಂದ ಮೇಲೆ ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು.

ಬೆಲ್ಟ್ರೆಗೆ ಯಾರಾದರೂ ತಲೆ ಮುಟ್ಟಿದರೆ ಆಗುತ್ತಿರಲಿಲ್ಲ. ಅದು ಗೊತ್ತಿದ್ದೇ ಎಲ್ಲರೂ ಮುಟ್ಟುತ್ತಿದ್ದರು. ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಹಾಗೆ ಚೆಂಡನ್ನು ಮೈದಾನದಾಚೆ ಹೊಡೆದು ಬಂದಾಗ ಆಂಡ್ರೂಸ್ ಹಿಂದಿನಿಂದ ಬಂದು ತಲೆ ಸವರಿ ಓಡುವುದು, ಇವನು ಅಟ್ಟಿಸಿಕೊಂಡು ಹೋಗುವುದು. ಚೆಂಡು ಮೈ ಹತ್ತಿರ ಬಂದರೆ ಪುಟುಪುಟು ಹೆಜ್ಜೆ ಹಾಕಿ ಕುಣಿದು ತಪ್ಪಿಸಿಕೊಳ್ಳುತ್ತಿದ್ದ. ಬ್ಯಾಟ್ ಅರ್ಧ ಬೀಸಿ ತಡೆದಾಗ, ಇದು ಬೀಸಿದ ಲೆಕ್ಕವಾ ಅಂತ ಎದುರು ತಂಡದವರು ಅಂಪೈರ್‌ಗೆ ಕೇಳಬೇಕು. ಇವನು ತಾನೇ ಕೈ ತೋರಿಸಿ ಕೇಳಿಬಿಡುತ್ತಿದ್ದ. ಸಿಯಾಟಲ್‌ನ ಫೆಲಿಕ್ಸ್ ಹರ್ನಾಂಡೆಜ್ ಇವನ ಹಳೆಯ ಗೆಳೆಯ, ದೊಡ್ಡ ಪಿಚರ್, ಅಂದರೆ ನಮ್ಮ ಬೌಲರ್ ಹಾಗೆ ಚೆಂಡು ಎಸೆಯುವವನು. ಇಬ್ಬರೂ ಎದುರಾದ ದಿನ ಔಟಾದವನು ಬೈದುಕೊಂಡು ನಗುತ್ತಾ ಹೋಗುವುದು, ಔಟ್ ಮಾಡಿದವನು ಕಿಚಾಯಿಸುವುದು, ಅದನ್ನು ನೋಡಲಿಕ್ಕೇ ಅಜ್ಜಿ ಬೇಗ ಊಟ ಮುಗಿಸುತ್ತಿದ್ದರು.

ತಮಾಷೆ ಮಾಡುತ್ತಾನೆ ಅಂತ ಆಟ ಹಗುರ ಅಂದುಕೊಳ್ಳಬೇಡಿ. ಅವನು ನಿಲ್ಲುತ್ತಿದ್ದದ್ದು ಥರ್ಡ್ ಬೇಸ್‌ನಲ್ಲಿ, ಅಂದರೆ ಹೊಡೆದವನು ಸುತ್ತಿ ಓಡುವ ನಾಲ್ಕು ಮೂಲೆಗಳಲ್ಲಿ ಮೂರನೆಯದರ ಹತ್ತಿರ. ಬಲಗೈ ಬ್ಯಾಟರ್ ಬಲವಾಗಿ ಎಳೆದು ಹೊಡೆದ ಚೆಂಡು ಗುಂಡಿನ ಹಾಗೆ ಬರುವ ಜಾಗ. ಅಲ್ಲಿಂದ ಅಡ್ಡ ಮೈದಾನಕ್ಕೆ ಫಸ್ಟ್ ಬೇಸ್‌ಗೆ ಎಸೆಯಬೇಕು. ಮೆಲ್ಲಗೆ ಉರುಳುವ ಚೆಂಡನ್ನು ಓಡಿಬಂದು ಬರಿಗೈಯಲ್ಲಿ ಎತ್ತಿ, ಬಗ್ಗಿದ ಬಗ್ಗಿದ ಹಾಗೇ ಎಸೆಯುತ್ತಿದ್ದ. ಒಳ್ಳೆಯ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಐದು ಸಲ ಬಂತು. 2015ರಲ್ಲಿ ಎಡಗೈ ಹೆಬ್ಬೆರಳಿನ ಲಿಗಮೆಂಟ್ ಹರಿದರೂ ಆ ವರ್ಷ ಆಡಿದ.

ನಾನು ಬಂದ ವರ್ಷವೇ ರೇಂಜರ್ಸ್ ವರ್ಲ್ಡ್ ಸೀರೀಸ್, ಅಂದರೆ ಏಳು ಪಂದ್ಯಗಳವರೆಗೆ ನಡೆಯುವ ಫೈನಲ್ ತಲುಪಿದರು. ರೇಂಜರ್ಸ್‌ನ ತವರು ಆರ್ಲಿಂಗ್ಟನ್‌ನಲ್ಲಿ ನಡೆದ ಐದನೇ ಪಂದ್ಯದಲ್ಲಿ ಬೆಲ್ಟ್ರೆ ಬಲ ಮೊಣಕಾಲನ್ನು ನೆಲಕ್ಕೆ ಊರಿ, ನಮ್ಮ ಸ್ವೀಪ್ ಹೊಡೆತದ ಹಾಗೆ ಕೂತು, ಚೆಂಡನ್ನು ಗ್ಯಾಲರಿಗೆ ಕಳಿಸಿದ. ಆರನೇ ಪಂದ್ಯ ಎದುರು ತಂಡದ ಊರು ಸೇಂಟ್ ಲೂಯಿಯಲ್ಲಿ. ಅಲ್ಲೂ ಹೋಮ್ ರನ್ ಹೊಡೆದ. ಎದುರು ತಂಡದ ಬ್ಯಾಟರ್‌ಗೆ ಇನ್ನೊಂದೇ ಒಂದು ಸ್ಟ್ರೈಕ್, ಅಂದರೆ ಅವನ ಲೆಕ್ಕಕ್ಕೆ ಹೋಗುವ ಎಸೆತ, ಬಿದ್ದಿದ್ದರೆ ಕಪ್ ನಮ್ಮದು ಅನ್ನುವ ಹಂತ ಎರಡು ಸಲ ಬಂತು. ಬೀಳಲಿಲ್ಲ. ಮರುದಿನ ಏಳನೆಯದನ್ನೂ ಸೋತರು. ಅಜ್ಜಿ ಟಿವಿ ಆರಿಸಿ, ರಿಮೋಟ್ ಕೈಯಲ್ಲೇ ಹಿಡಿದುಕೊಂಡು ತುಂಬಾ ಹೊತ್ತು ಕೂತರು. ನಾನು ಎದ್ದು ಟೀ ಮಾಡಿಕೊಟ್ಟೆ. ಅವರ ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಅಂತ ಅಷ್ಟರಲ್ಲಿ ನನಗೆ ಗೊತ್ತಾಗಿತ್ತು.

ನಮ್ಮಪ್ಪನಿಗೆ ಜಿ.ಆರ್. ವಿಶ್ವನಾಥ್ ಅಂದರೆ ಜೀವ. ನಮ್ಮ ಭದ್ರಾವತಿಯಲ್ಲೇ ಹುಟ್ಟಿದವರಲ್ವಾ. ಅವರ ರನ್ ಲೆಕ್ಕ ಅಪ್ಪ ಯಾವತ್ತೂ ಹೇಳಿದವರಲ್ಲ. 1980ರಲ್ಲಿ ಮುಂಬೈ ಟೆಸ್ಟ್‌ನಲ್ಲಿ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ರನ್ನು ವಾಪಸ್ ಆಡಲು ಕರೆದರು ನೋಡು, ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಒಬ್ಬ ಆಟಗಾರನನ್ನು ಮನುಷ್ಯನಾಗಿ ಮೆಚ್ಚುವುದು ನನಗೆ ಅಲ್ಲಿಂದಲೇ ಬಂದಿರಬೇಕು.

2017ರ ಜುಲೈ ಕೊನೆಯ ವಾರ ಹೇಳದಿದ್ದರೆ ಆಗುವುದಿಲ್ಲ. ಬೆಲ್ಟ್ರೆಗೆ ಆಗ 38. ಚೆಂಡು ಹೊಡೆದು ಔಟಾಗದೆ ಬೇಸ್ ತಲುಪಿದರೆ ಒಂದು ಹಿಟ್. ತೀರಾ ಕಡಿಮೆ ಜನ ಮುಟ್ಟಿರುವ 3000 ಹಿಟ್‌ಗೆ ತೀರಾ ಹತ್ತಿರ ಬಂದಿದ್ದ. ಬುಧವಾರ ಮಯಾಮಿ ವಿರುದ್ಧ ಪಂದ್ಯ. ಮುಂದೆ ಬ್ಯಾಟ್ ಮಾಡಬೇಕಾದವನು ಒಂದು ದುಂಡನೆಯ ಚಾಪೆಯ ಹತ್ತಿರ ಕಾಯಬೇಕು. ಇವನು ಯಾವಾಗಲೂ ಸ್ವಲ್ಪ ದೂರವೇ ನಿಲ್ಲುತ್ತಿದ್ದ. ಚಾಪೆಯ ಹತ್ತಿರ ನಿಲ್ಲು ಅಂದರು ಅಂಪೈರ್. ಇವನು ಹೋಗಿ ಚಾಪೆಯನ್ನೇ ದರದರ ಎಳೆದು ತಂದು, ತಾನಿದ್ದ ಕಡೆ ಹಾಕಿಕೊಂಡು ನಿಂತ. ಆಟದಿಂದಲೇ ಹೊರಗೆ ಹಾಕಿದರು! ಅವರು ಹೇಳಿದ್ದನ್ನೇ ಮಾಡಿದೆನಲ್ಲ ಅಂತ ಆಮೇಲೆ ಪತ್ರಕರ್ತರಿಗೆ ಹೇಳಿದ.

ನಾಲ್ಕು ದಿನ ಬಿಟ್ಟು ಭಾನುವಾರ, ಜುಲೈ 30, ನಾವು ಸ್ಟೇಡಿಯಂನಲ್ಲಿದ್ದೆವು. ಆಗಿನದು ಹಳೆಯ ಸ್ಟೇಡಿಯಂ, ಮೇಲೆ ಛಾವಣಿ ಇಲ್ಲ. ಟೆಕ್ಸಾಸ್ ಬಿಸಿಲು ನಿಮಗೆ ಇನ್ನು ಗೊತ್ತಾಗುತ್ತದೆ. ಐದು ವರ್ಷದ ಮಗನ ತಲೆಗೆ ಒದ್ದೆ ಟವೆಲ್ ಹಾಕಿ ತೊಡೆಯ ಮೇಲೆ ಕೂರಿಸಿಕೊಂಡಿದ್ದೆ. ನಾಲ್ಕನೇ ಇನ್ನಿಂಗ್ಸ್. ಎದುರು ಬಾಲ್ಟಿಮೋರ್‌ನ ಪಿಚರ್ ವೇಡ್ ಮೈಲಿ. ಬೆಲ್ಟ್ರೆ ಹೊಡೆದ ಚೆಂಡು ಎಡಗಡೆ ಗೆರೆಯುದ್ದಕ್ಕೂ ಓಡಿತು. ಡಬಲ್, ಒಂದೇ ಹೊಡೆತಕ್ಕೆ ಎರಡನೇ ಬೇಸ್! ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿದವರಲ್ಲಿ 3000 ಮುಟ್ಟಿದ ಮೊದಲಿಗ. ತಂಡದವರೆಲ್ಲ ಓಡಿಬಂದು ಮುತ್ತಿಕೊಂಡರು, ಅವನ ಮಕ್ಕಳು ಮೈದಾನಕ್ಕೆ ಓಡಿಬಂದರು. ನನ್ನ ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸು ನನ್ನನ್ನು ತಬ್ಬಿಕೊಂಡಳು. ನಾನೂ ಗಟ್ಟಿಯಾಗಿ ತಬ್ಬಿಕೊಂಡೆ. ಟವೆಲ್ ಎಲ್ಲಿ ಬಿತ್ತೋ, ಸಿಗಲಿಲ್ಲ.

2018ರ ಕೊನೆಗೆ ಆಟ ಬಿಟ್ಟ. ಒಟ್ಟು 3166 ಹಿಟ್, 477 ಹೋಮ್ ರನ್. 2024ರಲ್ಲಿ ಬೇಸ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ಗೆ ಮೊದಲ ಸಲಕ್ಕೇ ಆಯ್ಕೆಯಾದ, ನೂರಕ್ಕೆ 95 ವೋಟು. ಕೂಪರ್ಸ್‌ಟೌನ್‌ನ ಆ ಸಮಾರಂಭದ ವೇದಿಕೆ ಮೇಲೆ ಇನ್ನೊಬ್ಬ ದೊಡ್ಡ ಆಟಗಾರ ಡೇವಿಡ್ ಓರ್ಟಿಜ್ ಬಂದು ಅವನ ತಲೆ ಸವರಿಬಿಟ್ಟ. ಅಷ್ಟು ದೊಡ್ಡ ಗೌರವದ ದಿನವೂ ಬಿಡಲಿಲ್ಲ ನೋಡಿ.

ಈಗ ನಿಮ್ಮ ವಿಷಯ. ನಿಯಮ ಕಂಠಪಾಠ ಮಾಡಬೇಡಿ. ತಂಡಕ್ಕೆ ಒಂಬತ್ತು ಸರದಿ, ಸರದಿಗೆ ಮೂರು ಔಟ್, ಮೂರು ಸ್ಟ್ರೈಕ್‌ಗೆ ಒಂದು ಔಟ್. ಹತ್ತು ಸಲಕ್ಕೆ ಮೂರು ಸಲ ಹಿಟ್ ಹೊಡೆಯುವವನು ಇಲ್ಲಿ ದೊಡ್ಡ ಬ್ಯಾಟರ್. ಸದ್ಯಕ್ಕೆ ಇಷ್ಟು ಸಾಕು. ಒಂದು ತಂಡ ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ, ಅಂದರೆ ಹೆಚ್ಚುಕಮ್ಮಿ ದಿನಾ. ಒಬ್ಬಂಟಿ ಸಂಜೆಗೆ ಇದಕ್ಕಿಂತ ಒಳ್ಳೆ ಜೊತೆ ನನಗಂತೂ ಸಿಗಲಿಲ್ಲ. ಅಡುಗೆ ಮಾಡುತ್ತಾ ರೇಡಿಯೊ ಹಾಕಿಕೊಳ್ಳಿ. 1979ರಿಂದ ರೇಂಜರ್ಸ್ ಜೊತೆಗಿರುವ ಕಾಮೆಂಟೇಟರ್ ಎರಿಕ್ ನೇಡೆಲ್ ದನಿ ಕೇಳಿ ಕೇಳಿಯೇ ನನಗೆ ಇಲ್ಲಿನ ಇಂಗ್ಲಿಷ್ ಕಿವಿಗೆ ಹತ್ತಿತು. ಈಗಿನ ತಂಡದಲ್ಲಿ ಯಾರ ಮುಖ, ಯಾರ ನಡಿಗೆ ನಿಮಗೆ ಇಷ್ಟವಾಗುತ್ತದೋ ಅವನನ್ನು ಹಿಡಿದುಕೊಳ್ಳಿ. ಅವನು ಬ್ಯಾಟ್ ಮಾಡಲು ಬಂದಾಗ ಒಲೆ ಸಣ್ಣ ಮಾಡಿ ಬನ್ನಿ.

ಆರ್ಲಿಂಗ್ಟನ್‌ಗೆ ಕಾರಿಲ್ಲದೆ ಹೋಗುವುದು ಕಷ್ಟ. 2020ರಿಂದ ಹೊಸ ಸ್ಟೇಡಿಯಂ, ಮುಚ್ಚುವ ಛಾವಣಿ ಇದೆ, ಆದ್ದರಿಂದ ಜುಲೈನಲ್ಲೂ ಭಯವಿಲ್ಲ. ವಾರದ ಮಧ್ಯದ ಪಂದ್ಯ, ಮೇಲಿನ ಸೀಟು ಅಂದರೆ ಖರ್ಚು ಕಡಿಮೆ. ಸಸ್ಯಾಹಾರಿಗಳಾದರೆ ಸಿಪ್ಪೆ ಸಮೇತ ಹುರಿದ ಕಡಲೆಕಾಯಿ ಸಿಗುತ್ತದೆ, ಕಾಲ ಬಳಿಯೇ ಸಿಪ್ಪೆ ಹಾಕಿಕೊಂಡು ತಿನ್ನುತ್ತಾರೆ. ಇನ್ನೂ ಸಲೀಸಾಗಿ ಶುರು ಮಾಡಬೇಕು ಅಂದರೆ ಫ್ರಿಸ್ಕೊದಲ್ಲಿ ರಫ್‌ರೈಡರ್ಸ್ ಆಡುತ್ತಾರೆ, ಅದು ರೇಂಜರ್ಸ್‌ನ ಕಿರಿಯರ ತಂಡ. ಚಿಕ್ಕ ಮೈದಾನ, ಆಟಗಾರರು ಹತ್ತಿರದಲ್ಲೇ ಕಾಣುತ್ತಾರೆ.

ಸೀಸನ್ ಶುರುವಾದ ಮೇಲೆ ಏಪ್ರಿಲ್‌ನಲ್ಲಿ ಒಂದು ಮಂಗಳವಾರ ನಾನು, ಮಗ ಹೋಗುತ್ತೇವೆ. ಅಜ್ಜಿ ಈಗಿಲ್ಲ, ಅವರ ಸೀಟು ಅಂತ ಒಂದು ಟಿಕೆಟ್ ಜಾಸ್ತಿ ತೆಗೆಯುವುದು ನಮ್ಮ ರೂಢಿ. ಈ ಸಲ ನೀವು ಬನ್ನಿ. ಬೆಲ್ಟ್ರೆಯ 29ನೇ ನಂಬರ್ ಇನ್ನು ಯಾರಿಗೂ ಕೊಡುವುದಿಲ್ಲ, ಸ್ಟೇಡಿಯಂನಲ್ಲಿ ಹಾಕಿದ್ದಾರೆ. ಅದು ಕಾಣುವ ಕಡೆಯೇ ಸೀಟು ತೆಗೆಯುತ್ತೇನೆ.