ಜಡಿಮಳೆಯ ದಿನವೇ ಲೆಕ್ಕ ತಪ್ಪುವುದೇಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳು ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇವೆ: ಸಣ್ಣ ಮೈಕ್ರೋಕಂಟ್ರೋಲರ್‌ನಲ್ಲಿ ಓಡುವ ಕೋ-ರೂಟೀನ್‌ಗಳು (ಸರದಿಯಂತೆ ಓಡಿ ತಾವಾಗಿಯೇ ಬಿಟ್ಟುಕೊಡುವ ಪ್ರೋಗ್ರಾಂ ತುಣುಕುಗಳು) ಒಂದಕ್ಕೊಂದು ಮಾಹಿತಿ ದಾಟಿಸುವ ಬಗೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ತೋಟದ ಮಳೆ ಅಳೆಯಲು ಟಿಪ್ಪಿಂಗ್ ಬಕೆಟ್ ಮಳೆಮಾಪಕಕ್ಕೆ (ಇಂತಿಷ್ಟು ಮಳೆ ತುಂಬಿದಾಗಲೆಲ್ಲ ಪುಟ್ಟ ಬಕೆಟ್ ಮಗುಚುವಂಥದ್ದು) ಎಟಿಮೆಗಾ 328ಪಿ ಚಿಪ್ ಜೋಡಿಸಿ, ಫ್ರೀಆರ್‌ಟಿಒಎಸ್‌ನಲ್ಲಿ (ಇಂಥ ಚಿಪ್‌ಗಳ ಪುಟ್ಟ ಆಪರೇಟಿಂಗ್ ಸಿಸ್ಟಂ) ಎರಡು ಕೋ-ರೂಟೀನ್ ಬರೆದಿದ್ದೇನೆ. ಬಕೆಟ್ ಮಗುಚಿದಾಗಲೆಲ್ಲ ಒಂದು ಕೋ-ರೂಟೀನ್ ಸಮಯ ಮತ್ತು ಎಣಿಕೆ ಇರುವ ದಾಖಲೆಯನ್ನು ಕ್ಯೂಗೆ (ದಾಖಲೆಗಳು ಸರದಿಯಲ್ಲಿ ಕಾಯುವ ಜಾಗ) ಹಾಕುತ್ತದೆ. ಇನ್ನೊಂದು ಅದನ್ನು ತೆಗೆದು ಜಿಎಸ್‌ಎಂ ಮಾಡ್ಯೂಲ್ ಮೂಲಕ ಕಳಿಸುತ್ತದೆ. ಕ್ಯೂ ಉದ್ದ 4. ತುಂತುರು ಮಳೆಯಲ್ಲಿ ಎಲ್ಲ ಸರಿ. ಜೋರು ಮಳೆ ಹಿಡಿದ ದಿನ ಮಾತ್ರ ಅರ್ಥವಿಲ್ಲದ ಅಂಕಿಗಳು ಬರುತ್ತವೆ. ಮಳೆಮಾಪಕ ಬದಲಿಸಬೇಕೆ? ಕೋಡ್ ಲಗತ್ತಿಸಿದ್ದೇನೆ. (ಸೋಮವಾರಪೇಟೆ)

ಉತ್ತರ: ಮಳೆಮಾಪಕ ಬದಲಿಸಬೇಡಿ, ಅದರಲ್ಲಿ ದೋಷವಿಲ್ಲ. ದಾಖಲೆಯ ಸ್ಟ್ರಕ್ಟನ್ನು ನೀವು ಕೋ-ರೂಟೀನ್ ಫಂಕ್ಷನ್ನಿನೊಳಗೆ ಸಾದಾ ಲೋಕಲ್ ವೇರಿಯಬಲ್ ಆಗಿ ಬರೆದಿದ್ದೀರಿ. ತೊಂದರೆ ಅಲ್ಲಿದೆ.

ಫ್ರೀಆರ್‌ಟಿಒಎಸ್‌ನಲ್ಲಿ ಕೆಲಸ ನಡೆಸುವ ಇನ್ನೊಂದು ಬಗೆಯಾದ ಟಾಸ್ಕ್‌ಗೆ ತನ್ನದೇ ಸ್ಟ್ಯಾಕ್ (ಲೋಕಲ್ ವೇರಿಯಬಲ್‌ಗಳು ಕೂರುವ ಮೆಮೊರಿ ಜಾಗ) ಇರುತ್ತದೆ. ಅದು ಎಷ್ಟು ಹೊತ್ತು ಕಾದರೂ ಅದರ ಲೋಕಲ್‌ಗಳು ಇದ್ದಲ್ಲೇ ಇರುತ್ತವೆ. ಕೋ-ರೂಟೀನ್‌ಗಳು ಹಾಗಲ್ಲ, ಎಲ್ಲವೂ ಸೇರಿ ಒಂದೇ ಸ್ಟ್ಯಾಕ್ ಬಳಸುತ್ತವೆ. ಕಾಯಬೇಕಾಗಿ ಬಂದಾಗ ಫಂಕ್ಷನ್ ನಿಜವಾಗಿಯೂ ರಿಟರ್ನ್ ಆಗಿಬಿಡುತ್ತದೆ. ಹೊರಡುವ ಮುನ್ನ ತಾನಿದ್ದ ಸಾಲಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ ಗುರುತಾಗಿ ಇಟ್ಟುಕೊಂಡಿರುತ್ತದೆ. ಮತ್ತೆ ಕರೆದಾಗ ಸಿಆರ್-ಸ್ಟಾರ್ಟ್ ಮ್ಯಾಕ್ರೋದೊಳಗೆ (ಕೋ-ರೂಟೀನ್‌ನ ಆರಂಭದಲ್ಲಿ ಬರೆಯುವ ಸಿದ್ಧ ಕೋಡ್ ತುಣುಕು) ಅಡಗಿರುವ ಸ್ವಿಚ್ ಹೇಳಿಕೆ ಆ ಗುರುತು ನೋಡಿ ಅದೇ ಜಾಗಕ್ಕೆ ಜಿಗಿಸುತ್ತದೆ. ಹೀಗೆ ನಿಂತ ಜಾಗವಷ್ಟೇ ಉಳಿಯುತ್ತದೆ, ಲೋಕಲ್‌ಗಳಲ್ಲಿದ್ದ ಬೆಲೆ ಉಳಿಯುವುದಿಲ್ಲ.

ಈಗ ಸಿಆರ್-ಕ್ಯೂ-ಸೆಂಡ್ ಮ್ಯಾಕ್ರೋ ಏನು ಮಾಡುತ್ತದೆ ನೋಡಿ. ಕ್ಯೂನಲ್ಲಿ ಜಾಗವಿದ್ದರೆ ದಾಖಲೆಯನ್ನು ಆಗಲೇ ನಕಲು ಮಾಡಿಕೊಳ್ಳುತ್ತದೆ. ಆಗ ಲೋಕಲ್ ಆದರೂ ನಡೆಯುತ್ತದೆ. ಕ್ಯೂ ತುಂಬಿದ್ದರೆ ಫಂಕ್ಷನ್‌ನಿಂದ ಹೊರಬಂದು, ಜಾಗವಾದ ಮೇಲೆ ಮರಳಿ, ನೀವು ಕೊಟ್ಟ ವಿಳಾಸದಿಂದ ಎರಡನೇ ಸಲ ಓದಿ ಕಳಿಸುತ್ತದೆ. ಅಷ್ಟರಲ್ಲಿ ಆ ಸ್ಟ್ಯಾಕ್ ಜಾಗದ ಮೇಲೆ ಇನ್ನೊಂದು ಕೋ-ರೂಟೀನ್ ಓಡಾಡಿರುತ್ತದೆ. ಹೋಗುವುದು ಬರೀ ಕಸ.

ಕ್ಯೂ ತುಂಬುವುದು ಜೋರು ಮಳೆಯಲ್ಲೇ ಏಕೆ? ನಿಮ್ಮ ಮಾಪಕ ಒಂದು ಮಗುಚಿಗೆ 0.254 ಮಿ.ಮೀ. ಲೆಕ್ಕದ್ದು. ಅಂದರೆ ಇಂಚಿನ ನೂರನೇ ಒಂದು ಭಾಗ, ನಮ್ಮ ತೋಟದವರ ಮಾತಿನಲ್ಲಿ ಸರಿಯಾಗಿ ಒಂದು ಸೆಂಟ್. ಗಂಟೆಗೆ 100 ಮಿ.ಮೀ. ರಭಸದಲ್ಲಿ ಸುರಿದರೆ ಗಂಟೆಗೆ 394 ಸಲ, ಅಂದರೆ ಸುಮಾರು 9 ಸೆಕೆಂಡಿಗೊಮ್ಮೆ ಬಕೆಟ್ ಮಗುಚುತ್ತದೆ. ನಾಲ್ಕು ದಾಖಲೆಗೆ 36 ಸೆಕೆಂಡ್. ಆ ಹೊತ್ತಿನಲ್ಲಿ ನೆಟ್‌ವರ್ಕ್ ಮಂಕಾಗಿ ಮಾಡ್ಯೂಲ್ ಒಂದು ನಿಮಿಷ ತಡಕಾಡಿದರೆ ಕ್ಯೂ ತುಂಬಿತೆಂದೇ ಲೆಕ್ಕ.

ಮೊದಲು ಮಾಡಬೇಕಾದದ್ದು: ದಾಖಲೆಯ ಸ್ಟ್ರಕ್ಟ್, ಫಲಿತಾಂಶ ಹಿಡಿಯುವ ವೇರಿಯಬಲ್, ಲೂಪ್ ಎಣಿಕೆ, ಇವೆಲ್ಲದರ ಮುಂದೆ ಸ್ಟ್ಯಾಟಿಕ್ ಎಂದು ಬರೆಯಿರಿ. ಆಗ ಅವು ಸ್ಟ್ಯಾಕ್ ಬಿಟ್ಟು ಕಾಯಂ ಜಾಗದಲ್ಲಿ ಉಳಿಯುತ್ತವೆ. ಕಾಯುವ ಅವಧಿ ಸೊನ್ನೆ ಕೊಟ್ಟಿದ್ದೇನೆ, ನನಗೇಕೆ ಇದು ಎನ್ನಬೇಡಿ. ಕಳಿಸಿದ ದಾಖಲೆಗಾಗಿ ಹೆಚ್ಚಿನ ಆದ್ಯತೆಯ ಕೋ-ರೂಟೀನ್ ಕಾಯುತ್ತಿದ್ದರೆ, ಯಶಸ್ವಿಯಾಗಿ ಕಳಿಸಿದ ಮೇಲೂ ಈ ಮ್ಯಾಕ್ರೋ ಅದಕ್ಕೆ ದಾರಿ ಬಿಟ್ಟು ಹೊರಬರುತ್ತದೆ. ಆಗಲೂ ಲೋಕಲ್‌ಗಳು ಹೋದವೇ.

ಆದರೆ ಸ್ಟ್ಯಾಟಿಕ್ ಹಾಕಿದ ಮಾತ್ರಕ್ಕೆ ಕ್ಯೂ ತುಂಬುವುದು ನಿಲ್ಲುವುದಿಲ್ಲ. ಕ್ಯೂ ಉದ್ದ ಹೆಚ್ಚಿಸಿ ಗೆಲ್ಲುತ್ತೇವೆ ಅಂದುಕೊಂಡರೆ, ಗಂಟೆಗೆ 500 ಮಿ.ಮೀ. ರಭಸದ ಒಂದು ಗಳಿಗೆಗೆ 1.8 ಸೆಕೆಂಡಿಗೊಂದು ದಾಖಲೆ, ಮೂರು ನಿಮಿಷಕ್ಕೆ ಸುಮಾರು 98. ದಾಖಲೆಗೆ 6 ಬೈಟ್‌ನಂತೆ 588 ಬೈಟ್. ಈ ಚಿಪ್‌ನಲ್ಲಿ ಇರುವ ರ್‍ಯಾಮ್ ಒಟ್ಟು 2,048 ಬೈಟ್! ಅದಕ್ಕಿಂತ ಮಗುಚಿಗೊಂದು ದಾಖಲೆ ಕಳಿಸುವುದನ್ನೇ ಬಿಡಿ. ನಿಮಿಷಕ್ಕೊಂದು ದಾಖಲೆ ಸಾಕು: ಆ ನಿಮಿಷದಲ್ಲಿ ಎಷ್ಟು ಸೆಂಟ್ ಎಂದು. 16 ದಾಖಲೆಯ ಕ್ಯೂಗೆ 96 ಬೈಟ್ ಮತ್ತು ಕ್ಯೂನ ಸ್ವಂತ ಖರ್ಚು ಸ್ವಲ್ಪ. ಕಾಲು ಗಂಟೆ ನೆಟ್‌ವರ್ಕ್ ಇಲ್ಲದಿದ್ದರೂ ತಡೆಯುತ್ತದೆ.

ಅದಕ್ಕೂ ಮೀರಿ ಕ್ಯೂ ತುಂಬಿದರೆ? ಇಲ್ಲಿ ಕೆಲಸದ ಅನುಕ್ರಮ ಮುಖ್ಯ. ಬಾಕಿ ಎಣಿಕೆಯನ್ನು ದಾಖಲೆಗೆ ಬರೆಯಿರಿ, ಕಾಯುವ ಅವಧಿ ಸೊನ್ನೆ ಇಟ್ಟು ಕಳಿಸಿ, ಫಲಿತಾಂಶ ಪಿಡಿ-ಪಾಸ್ (ಕಳಿಸಿದ್ದು ಯಶಸ್ವಿ) ಬಂದರೆ ಮಾತ್ರ ದಾಖಲೆಯಲ್ಲಿದ್ದಷ್ಟನ್ನು ಬಾಕಿಯಿಂದ ಕಳೆಯಿರಿ. ತುಂಬಿದೆ ಎಂದು ಬಂದರೆ ಏನನ್ನೂ ಕಳೆಯಬೇಡಿ, ಅದು ಮುಂದಿನ ನಿಮಿಷದ ದಾಖಲೆಗೆ ತಾನೇ ಸೇರಿಕೊಳ್ಳುತ್ತದೆ. ಯಾವ ನಿಮಿಷದ ಮಳೆ ಎಂಬುದು ಮಸುಕಾಗಬಹುದು, ಒಟ್ಟು ಮಳೆ ತಪ್ಪುವುದಿಲ್ಲ. ತೋಟದ ಲೆಕ್ಕಕ್ಕೆ ಬೇಕಾದದ್ದು ಒಟ್ಟು ಮಳೆ. ಹಾಗೆಯೇ ಎಣಿಕೆಯನ್ನು ಸೊನ್ನೆ ಮಾಡದೆ ಕಳೆಯಲು ಹೇಳಿದ್ದಕ್ಕೂ ಕಾರಣವಿದೆ: ನಡುವೆ ಇನ್ನೊಮ್ಮೆ ಬಕೆಟ್ ಮಗುಚಿದ್ದರೆ ಸೊನ್ನೆ ಮಾಡುವಾಗ ಆ ಒಂದು ಸೆಂಟ್ ಅಳಿಸಿಹೋಗುತ್ತದೆ.

ದಾಖಲೆಯ ಅಳತೆಯನ್ನು ಕೈಲೆಕ್ಕದಲ್ಲಿ 6 ಎಂದು ಬರೆಯದೆ ಸೈಜ್‌ಆಫ್ ಬಳಸಿ. 4 ಬೈಟ್ ಸಮಯ ಮತ್ತು 2 ಬೈಟ್ ಎಣಿಕೆ ಎವಿಆರ್‌ನಲ್ಲಿ (ನಿಮ್ಮ ಎಟಿಮೆಗಾ ಚಿಪ್‌ನ ಬಳಗ) 6 ಬೈಟ್, ಎಆರ್‌ಎಂ ಚಿಪ್‌ನಲ್ಲಿ ಅದೇ ಸ್ಟ್ರಕ್ಟ್ 8 ಆಗುತ್ತದೆ. ಮುಂದೆ ಚಿಪ್ ಬದಲಿಸಿದರೆ ಇದು ಕಾಡುತ್ತದೆ.

ಪ್ರಶ್ನೆ: ನನ್ನ ಮಳೆಮಾಪಕದಲ್ಲೂ ಅದೇ ಚಿಪ್. ಬಕೆಟ್ ಎಣಿಕೆಯನ್ನು ಇಂಟರಪ್ಟ್ (ನಡೆಯುತ್ತಿರುವ ಕೆಲಸ ತಡೆದು ನುಗ್ಗುವ ಕೋಡ್) ಹೆಚ್ಚಿಸುತ್ತದೆ, ಕೋ-ರೂಟೀನ್ ಓದುತ್ತದೆ. ವೇರಿಯಬಲ್‌ಗೆ ವೊಲಟೈಲ್ ಹಾಕಿದ್ದೇನೆ. ಆದರೂ ಒಂದು ದಿನ 255 ಸೆಂಟ್ ಇದ್ದದ್ದು ಒಮ್ಮೆಗೇ 511 ತೋರಿಸಿ, ಮರುಕ್ಷಣ 256 ಆಯಿತು. (ನಾಪೋಕ್ಲು)

ಉತ್ತರ: ನೀವು 511 ಎಂದು ಬರೆದದ್ದೇ ಕಾರಣವನ್ನು ಹೇಳಿಬಿಟ್ಟಿದೆ. ಎವಿಆರ್ 8 ಬಿಟ್ ಚಿಪ್. 16 ಬಿಟ್ ಎಣಿಕೆಯನ್ನು ಅದು ಎರಡು ಸಲಕ್ಕೆ ಓದುತ್ತದೆ. ಕೆಳಗಿನ ಬೈಟ್ 255 ಎಂದು ಓದಿದ ಮೇಲೆ ಇಂಟರಪ್ಟ್ ನುಗ್ಗಿ ಎಣಿಕೆಯನ್ನು 256 ಮಾಡಿತು. ಆಗ ಮೇಲಿನ ಬೈಟ್ 1 ಆಗಿತ್ತು. ಹಳೆಯ ಕೆಳಬೈಟ್, ಹೊಸ ಮೇಲ್ಬೈಟ್ ಸೇರಿ 256 ಮತ್ತು 255, ಒಟ್ಟು 511. ವೊಲಟೈಲ್ ಎಂದರೆ ಪ್ರತಿ ಸಲ ಮೆಮೊರಿಯಿಂದಲೇ ಓದು ಎಂದು ಕಂಪೈಲರ್‌ಗೆ ಹೇಳಿದಂತೆ. ಒಂದೇ ಏಟಿಗೆ ಓದು ಎಂಬ ಅರ್ಥ ಅದಕ್ಕಿಲ್ಲ.

ಇಂಟರಪ್ಟ್ ನಿಲ್ಲಿಸಿ, ಎಣಿಕೆಯನ್ನು ನಕಲು ಮಾಡಿಕೊಂಡು, ಮತ್ತೆ ಇಂಟರಪ್ಟ್ ಬಿಡಿ. ಎವಿಆರ್ ಲೈಬ್ರರಿಯ ಅಟಾಮಿಕ್ ಬ್ಲಾಕ್ ಮಾಡುವುದು ಇದನ್ನೇ. ನಮಗೆ ಇನ್ನೊಂದು ದಾರಿ ಹೆಚ್ಚು ಇಷ್ಟ: ಇಂಟರಪ್ಟ್ ಹೆಚ್ಚಿಸುವ ಎಣಿಕೆಯನ್ನು ಚಿಹ್ನೆಯಿಲ್ಲದ 8 ಬಿಟ್ ಮಾಡಿ. ಒಂದು ಬೈಟ್ ಒಡೆದು ಓದಲು ಆಗುವುದಿಲ್ಲ. ಕೋ-ರೂಟೀನ್ ತನ್ನ ಹಿಂದಿನ ಓದನ್ನು ಸ್ಟ್ಯಾಟಿಕ್ ಆಗಿ ಇಟ್ಟುಕೊಂಡು ವ್ಯತ್ಯಾಸವನ್ನು ಮತ್ತೆ 8 ಬಿಟ್‌ಗೇ ಹಾಕಿಕೊಳ್ಳಲಿ. ಎಣಿಕೆ 255 ದಾಟಿ ಸೊನ್ನೆಗೆ ಬಂದರೂ ವ್ಯತ್ಯಾಸ ಸರಿಯಾಗಿಯೇ ಇರುತ್ತದೆ, ಎರಡು ಓದುಗಳ ನಡುವೆ 256 ಸಲ ಮಗುಚದಿದ್ದರೆ ಸರಿ. ನಿಮಿಷಕ್ಕೊಮ್ಮೆ ಓದುವವರಿಗೆ ಆ ಭಯವಿಲ್ಲ.

ಬಕೆಟ್ ಮಗುಚಿದ್ದನ್ನು ಚಿಪ್‌ಗೆ ತಿಳಿಸುವ ರೀಡ್ ಸ್ವಿಚ್ ಒಂದು ಮಗುಚಿಗೆ ಹಲವು ಸಲ ಬಡಿಯುತ್ತದೆ. ಒಂದನ್ನು ಎಣಿಸಿದ ಮೇಲೆ 100 ಮಿಲಿಸೆಕೆಂಡ್ ಬರುವುದನ್ನೆಲ್ಲ ಬಿಟ್ಟುಬಿಡಿ. ಎಂಥ ಮಳೆಯಲ್ಲೂ ಬಕೆಟ್ ಅಷ್ಟು ಬೇಗ ಎರಡನೇ ಸಲ ತುಂಬದು. ಅಂದಹಾಗೆ ಈ ಎಚ್ಚರವೆಲ್ಲ ಇಂಟರಪ್ಟ್ ಮತ್ತು ಕೋ-ರೂಟೀನ್ ನಡುವೆ ಮಾತ್ರ. ಎರಡು ಕೋ-ರೂಟೀನ್‌ಗಳ ನಡುವೆ ಬೀಗ, ಮ್ಯೂಟೆಕ್ಸ್ ಏನೂ ಬೇಡ, ಏಕೆಂದರೆ ಒಂದು ತಾನಾಗಿ ಬಿಡದೆ ಇನ್ನೊಂದು ಓಡುವುದಿಲ್ಲ. ಅರ್ಧ ಬರೆದು ಸಿಆರ್-ಡಿಲೇ (ಕಾಯುವ ಮ್ಯಾಕ್ರೋ) ಕರೆಯದಿದ್ದರಾಯಿತು.

ಪ್ರಶ್ನೆ: ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕಲ್ಲ, ಅದಕ್ಕಾಗಿ ಕೆರೆಯ ಪಂಪ್‌ಗೆ ನಿಯಂತ್ರಕ ಮಾಡಿದ್ದೇವೆ. ನೀರಿನ ಮಟ್ಟ ಓದುವುದು ಕೋ-ರೂಟೀನ್, ಮೋಟಾರ್ ನೋಡಿಕೊಳ್ಳುವುದು ಟಾಸ್ಕ್. ನಡುವೆ ಒಂದು ಕ್ಯೂ. ಕೆಲವೊಮ್ಮೆ ಗಂಟೆಗಟ್ಟಲೆ ಓಡುತ್ತದೆ, ಕೆಲವೊಮ್ಮೆ ಆನ್ ಮಾಡಿದ ತಕ್ಷಣ ಸ್ತಬ್ಧ. (ಪೊನ್ನಂಪೇಟೆ)

ಉತ್ತರ: ಫ್ರೀಆರ್‌ಟಿಒಎಸ್‌ನಲ್ಲಿ ಕೋ-ರೂಟೀನ್ ಮತ್ತು ಟಾಸ್ಕ್ ನಡುವೆ ಕ್ಯೂ ಹಾಕುವಂತಿಲ್ಲ. ಕಂಪೈಲರ್ ಇದನ್ನು ತಡೆಯುವುದಿಲ್ಲ, ಹಾಗಾಗಿ ಬಹಳ ಜನ ಎಡವುವ ಜಾಗ ಇದು. ಟಾಸ್ಕ್ ಕ್ಯೂ ಮುಂದೆ ಕಾಯುತ್ತಿದ್ದಾಗ ಕೋ-ರೂಟೀನ್ ಕಳಿಸಿದರೆ, ಕಾಯುವವರ ಪಟ್ಟಿಯಿಂದ ಎಬ್ಬಿಸುವ ಕೋಡ್ ಆ ಟಾಸ್ಕನ್ನೇ ಕೋ-ರೂಟೀನ್ ಎಂದು ತಿಳಿದು ತನ್ನ ಪಟ್ಟಿಗೆ ಸೇರಿಸುತ್ತದೆ. ಷೆಡ್ಯೂಲರ್‌ನ ಪಟ್ಟಿಗಳೇ ಕೆಡುತ್ತವೆ. ಟಾಸ್ಕ್ ಕಾಯದೆ ಇದ್ದ ಗಳಿಗೆಯಲ್ಲಿ ಮಾತ್ರ ಎಲ್ಲ ಸರಿಯಿದ್ದಂತೆ ಕಾಣುತ್ತದೆ.

ಪಂಪಿಗೆ ಹಳೆಯ ಮಟ್ಟಗಳ ಸಾಲು ಬೇಕಿಲ್ಲ, ಈಗಿನ ಮಟ್ಟ ಸಾಕು. ಕ್ಯೂ ತೆಗೆದು, ಮಟ್ಟ ಮತ್ತು ಅದನ್ನು ಓದಿದ ಟಿಕ್ (ಫ್ರೀಆರ್‌ಟಿಒಎಸ್ ಗಡಿಯಾರದ ಬಡಿತ) ಸಮಯ ಎರಡೂ ಇರುವ ಒಂದು ಗ್ಲೋಬಲ್ ಸ್ಟ್ರಕ್ಟ್ ಇಡಿ. ಬರೆಯುವಾಗ, ಓದುವಾಗ ಎರಡೂ ಕಡೆ ಕ್ರಿಟಿಕಲ್ ಸೆಕ್ಷನ್ (ನಡುವೆ ಬೇರೆ ಯಾವುದೂ ನುಗ್ಗದ ಕೋಡ್ ಭಾಗ) ಹಾಕಿ, ಒಳಗೆ ನಕಲು ಮಾತ್ರ ನಡೆಯಲಿ. ಕೋ-ರೂಟೀನ್‌ಗಳು ಐಡಲ್ ಹುಕ್‌ನಿಂದ (ಟಾಸ್ಕ್‌ಗಳಿಗೆ ಕೆಲಸವಿಲ್ಲದಾಗ ಓಡುವ ಫಂಕ್ಷನ್) ಓಡುತ್ತವೆ, ಯಾವುದೇ ಟಾಸ್ಕ್ ಅವನ್ನು ನಡುವೆಯೇ ತಡೆದು ನುಗ್ಗಬಹುದು. ಹಾಗಾಗಿ ಇದನ್ನು ಬಿಡುವಂತಿಲ್ಲ.

ಸಮಯ ಏಕೆ ಇಟ್ಟಿರಿ ಎಂದರೆ, ಸೆನ್ಸರ್ ತಂತಿ ತುಂಡಾದರೆ ಅಥವಾ ಕೋ-ರೂಟೀನ್ ಎಲ್ಲೋ ಸಿಕ್ಕಿಕೊಂಡರೆ ಕೊನೆಯ ಮಟ್ಟವೇ ಕೂತಿರುತ್ತದೆ. ಕೆರೆ ಬತ್ತಿದರೂ ಮೋಟಾರ್ ಓಡುತ್ತಲೇ ಇರುತ್ತದೆ. ಓದು 5 ಸೆಕೆಂಡಿಗಿಂತ ಹಳೆಯದಾದರೆ ಮೋಟಾರ್ ಆಫ್ ಎಂದು ಟಾಸ್ಕ್‌ನಲ್ಲಿ ಕಡ್ಡಾಯವಾಗಿ ಬರೆಯಿರಿ. ಟಾಸ್ಕ್ ಎಲ್ಲೂ ಕಾಯದೆ ಸುತ್ತುತ್ತಿದ್ದರೆ ಐಡಲ್‌ಗೆ ಅವಕಾಶವೇ ಸಿಗದೆ ಕೋ-ರೂಟೀನ್ ನಿಂತುಹೋಗುತ್ತದೆ, ಅದನ್ನೂ ಪರೀಕ್ಷಿಸಿ.

ಪ್ರಶ್ನೆ: 15 ನಿಮಿಷಕ್ಕೊಮ್ಮೆ ಬರೆಯಲೆಂದು ಸಿಆರ್-ಡಿಲೇಗೆ 9,00,000 ಟಿಕ್ ಕೊಟ್ಟೆ. ಟಿಕ್ ದರ ಸೆಕೆಂಡಿಗೆ 1,000. ಆದರೆ 48 ಸೆಕೆಂಡಿಗೊಮ್ಮೆ ಬರೆಯುತ್ತಿದೆ. (ಕುಶಾಲನಗರ)

ಉತ್ತರ: ನಿಮ್ಮ ಕಾನ್ಫಿಗ್ ಫೈಲಿನಲ್ಲಿ ಟಿಕ್ 16 ಬಿಟ್ ಎಂದಿದೆ. ಅದರಲ್ಲಿ 65,535ರ ಮೇಲೆ ಹಿಡಿಸದು. 9,00,000ದಲ್ಲಿ 65,536ರ ಹದಿಮೂರು ಪಾಲು ಕಳೆದರೆ ಉಳಿಯುವುದು 48,032, ಅದೇ ನಿಮ್ಮ 48 ಸೆಕೆಂಡ್. 60,000 ಟಿಕ್‌ನ ಕಾಯುವಿಕೆಯನ್ನು ಹದಿನೈದು ಸಲ ಲೂಪ್ ಮಾಡಿ. ಲೂಪ್‌ನ ಎಣಿಕೆ ಸ್ಟ್ಯಾಟಿಕ್ ಆಗಿರಲಿ.

ಪ್ರಶ್ನೆ: ಒಂದೇ ಕೋ-ರೂಟೀನ್ ಫಂಕ್ಷನ್ನಿನಿಂದ ಮೂರು ವಾಲ್ವ್ ನಡೆಸಲು ಇಂಡೆಕ್ಸ್ 0, 1, 2 ಕೊಟ್ಟು ಮೂರು ಸಲ ಸೃಷ್ಟಿಸಿದ್ದೇನೆ. ಒಂದರ ಸಮಯ ಇನ್ನೊಂದಕ್ಕೆ ಹೋಗುತ್ತಿದೆ. ಜೊತೆಗೆ, ಈಗ ಹೊಸದಾಗಿ ಕಲಿಯುವವರು ಕೋ-ರೂಟೀನ್ ಬಳಸಬೇಕೆ? (ಮಡಿಕೇರಿ, ವಿದ್ಯಾರ್ಥಿನಿ)

ಉತ್ತರ: ಸ್ಟ್ಯಾಟಿಕ್ ವೇರಿಯಬಲ್ ಫಂಕ್ಷನ್ನಿಗೆ ಒಂದೇ. ಮೂರು ಕೋ-ರೂಟೀನ್‌ಗಳೂ ಅದನ್ನೇ ತಿದ್ದುತ್ತಿವೆ. ಅದನ್ನು ಮೂರು ಅಂಶದ ಅರೇ ಮಾಡಿ, ಇಂಡೆಕ್ಸ್ ಬಳಸಿ ತಮ್ಮ ತಮ್ಮ ಅಂಶ ಮುಟ್ಟಲಿ. ಇಂಡೆಕ್ಸ್ ಪ್ರತಿ ಕರೆಯಲ್ಲೂ ಹೊಸದಾಗಿ ಬರುವುದರಿಂದ ಅದು ಕಳೆದುಹೋಗುವುದಿಲ್ಲ. ನಿಮ್ಮ ಕೋಡಿನಲ್ಲಿ ಇನ್ನೆರಡು ತಪ್ಪು ಕಂಡವು. ಒಂದು ಸ್ವಿಚ್ ಹೇಳಿಕೆಯೊಳಗೆ ಸಿಆರ್-ಡಿಲೇ ಇದೆ: ಮ್ಯಾಕ್ರೋದ ಗುರುತು ನಿಮ್ಮ ಸ್ವಿಚ್‌ಗೆ ಸೇರಿಬಿಡುತ್ತದೆ, ಮರಳುವಾಗ ಹೊರಗಿನ ಸ್ವಿಚ್‌ಗೆ ಅದು ಸಿಗುವುದಿಲ್ಲ. ಅಲ್ಲಿ ಇಫ್-ಎಲ್ಸ್ ಬರೆಯಿರಿ. ವಾಲ್ವ್ ತೆರೆಯುವ ಉಪಫಂಕ್ಷನ್ನಿನಲ್ಲೂ ಕಾಯುವ ಕರೆ ಇದೆ. ಕಾಯುವುದೇನಿದ್ದರೂ ಕೋ-ರೂಟೀನ್ ಫಂಕ್ಷನ್ನಿನ ಮೈಯಲ್ಲೇ ಆಗಬೇಕು.

ಎರಡನೇ ಪ್ರಶ್ನೆಗೆ: ಫ್ರೀಆರ್‌ಟಿಒಎಸ್ ಇವನ್ನು ತೀರ ಚಿಕ್ಕ ಚಿಪ್‌ಗಳಿಗಾಗಿ ಮಾಡಿದ್ದು, ಈಗ ಮುಂದೆ ಬೆಳೆಸುತ್ತಿಲ್ಲ. 264 ಕಿಲೋಬೈಟ್ ರ್‍ಯಾಮ್ ಇರುವ ಆರ್‌ಪಿ2040ಯಂಥ ಚಿಪ್ ಕೈಯಲ್ಲಿದ್ದರೆ ಟಾಸ್ಕ್ ಬಳಸಿ, ಕಾಯುವಾಗ ಲೋಕಲ್‌ಗಳು ಕಳೆದುಹೋಗುವ ಚಿಂತೆ ಇರುವುದಿಲ್ಲ. 2 ಕಿಲೋಬೈಟ್‌ನ ಚಿಪ್‌ನಲ್ಲಿ ಐದಾರು ಕೆಲಸ ಒಟ್ಟಿಗೆ ನಡೆಸಬೇಕಾದರೆ ಇವತ್ತಿಗೂ ಕೋ-ರೂಟೀನ್ ಒಳ್ಳೆಯ ದಾರಿಯೇ. ನಿಮ್ಮ ಮೂರು ವಾಲ್ವ್‌ಗೆ ಮೂರು ಸ್ಟ್ಯಾಕ್ ಕೊಡುವಷ್ಟು ಜಾಗ ಆ ಚಿಪ್‌ನಲ್ಲಿ ಉಳಿದಿಲ್ಲ, ಆದ್ದರಿಂದ ಅರೇ ಮಾಡಿಕೊಂಡು ಇದರಲ್ಲೇ ಮುಂದುವರಿಯಿರಿ.