ಚೆಂಡೆ ಗೇಮ್‌ನ ಆಡಿಯೋ: ಪಿಸಿಗೂ ಮೊಬೈಲಿಗೂ ಒಟ್ಟಿಗೆ

ಯಕ್ಷಗಾನದ ಗೇಮ್‌ಗೆ ಪಿಸಿ, ಆಂಡ್ರಾಯ್ಡ್ ಫೈಲುಗಳನ್ನು ಪ್ರತಿಸಲ ಕೈಯಲ್ಲೇ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ! ನೀವು ಬಳಸುವ ಎಫ್‌ಮಾಡ್ ಸ್ಟುಡಿಯೋ (ಗೇಮ್‌ಗೆ ಸದ್ದು ಜೋಡಿಸುವ ಸಾಫ್ಟ್‌ವೇರ್) ಜೊತೆಗೇ ಒಂದು ಕಮಾಂಡ್‌ಲೈನ್ ಪ್ರೋಗ್ರಾಂ, ಅಂದರೆ ಆಜ್ಞೆ ಟೈಪ್ ಮಾಡಿ ಓಡಿಸುವಂಥದ್ದು, ಬರುತ್ತದೆ. ಪ್ರಿಫರೆನ್ಸಸ್‌ನ ಬಿಲ್ಡ್ ಟ್ಯಾಬಿನಲ್ಲಿ ಮೊಬೈಲ್ ಪ್ಲಾಟ್‌ಫಾರ್ಮ್ ಸೇರಿಸಿಡಿ. ಆಮೇಲೆ ಆ ಪ್ರೋಗ್ರಾಂಗೆ ಬಿಲ್ಡ್ ಆಯ್ಕೆ, ಪ್ರಾಜೆಕ್ಟ್ ಫೈಲ್ ಕೊಟ್ಟರೆ ಸಾಕು, ಎರಡರ ಬ್ಯಾಂಕ್‌ಗಳೂ (ಗೇಮ್ ಓದುವ ಆಡಿಯೋ ಫೈಲುಗಳು) ಬೇರೆ ಬೇರೆ ಫೋಲ್ಡರಿಗೆ ಬಂದು ಬೀಳುತ್ತವೆ.

ಎನ್‌ಕೋಡಿಂಗ್, ಅಂದರೆ ಸದ್ದನ್ನು ಯಾವ ಫಾರ್ಮ್ಯಾಟಿನಲ್ಲಿ ಕುಗ್ಗಿಸಿಡಬೇಕು ಅನ್ನೋದು ಮಾತ್ರ ನೀವೇ ಯೋಚಿಸಬೇಕು. ಚೆಂಡೆಯ ಪೆಟ್ಟುಗಳಿಗೆ ಎಡಿಪಿಸಿಎಂ ಫಾರ್ಮ್ಯಾಟ್ ಒಳ್ಳೆಯದು. ಗಾತ್ರ 16 ಬಿಟ್ ಪಿಸಿಎಂನ (ಕುಗ್ಗಿಸದ ಆಡಿಯೋ) ಸುಮಾರು ಕಾಲು ಭಾಗ, ಸಿಪಿಯುಗೆ ಕೆಲಸವೂ ಕಮ್ಮಿ. ಹತ್ತಾರು ಪೆಟ್ಟು ಒಟ್ಟಿಗೆ ಬಿದ್ದರೂ ಹಳೆ ಫೋನ್ ತಡೆದುಕೊಳ್ಳುತ್ತದೆ. ಭಾಗವತರ ಪದ ಉದ್ದ ಅಲ್ವಾ, ಅದಕ್ಕೆ ಇನ್ನೂ ಚಿಕ್ಕದಾಗಿ ಕುಗ್ಗಿಸುವ ವೋರ್ಬಿಸ್ ಫಾರ್ಮ್ಯಾಟ್, ಜೊತೆಗೆ ಸ್ಟ್ರೀಮಿಂಗ್ (ಪೂರ್ತಿ ಲೋಡ್ ಮಾಡದೆ ಸ್ವಲ್ಪಸ್ವಲ್ಪವೇ ಓದಿ ನುಡಿಸುವುದು) ಆನ್. ಎಫ್‌ಮಾಡ್‌ಗೆ ಕೊಡುವ ಮೂಲ ಫೈಲು ವೇವ್‌ನಲ್ಲೇ (.wav) ಇರಲಿ. ಎಂಪಿ3 ಮಾಡಿದರೆ ಶುರುವಲ್ಲಿ ಸಣ್ಣ ಮೌನ ಸೇರಿಕೊಳ್ಳುತ್ತದೆ, ಲೂಪ್ ಹಾಕಿದಾಗ ತಾಳ ತಪ್ಪುತ್ತದೆ.