ಅವಧಿಗೆ ತುಂಬಾ ಮೊದಲೇ ಹುಟ್ಟಿದ ಮಗುವಿಗೆ ಕೈಕಾಲಿನ ಚಲನೆಯ ತೊಂದರೆ ಇದ್ದರೆ ಎಷ್ಟು ಬೇಗ ಗೊತ್ತಾಗುತ್ತದೆ?

ನಡೆಯುವ ವಯಸ್ಸಿನವರೆಗೆ ಕಾಯಬೇಕಿಲ್ಲ, ಮೂರು ತಿಂಗಳಿಗೇ ಒಳ್ಳೆಯ ಸುಳಿವು ಸಿಗುತ್ತದೆ. ಆದರೆ ಈ ಮೂರು ತಿಂಗಳನ್ನು ಹುಟ್ಟಿದ ದಿನದಿಂದಲ್ಲ, ಡಾಕ್ಟರು ಮೊದಲು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಎಣಿಸಬೇಕು.

ಎಚ್ಚರವಾಗಿ, ಸಮಾಧಾನವಾಗಿರುವ ಮಗುವನ್ನು ಅಂಗಾತ ಮಲಗಿಸಿ, ಆಟಿಕೆ ಕೊಡದೆ, ಮಾತಾಡಿಸದೆ ಸುಮ್ನೆ ಕೆಲವು ನಿಮಿಷ ವಿಡಿಯೊ ಮಾಡುತ್ತಾರೆ. ಕುತ್ತಿಗೆ, ಮಣಿಕಟ್ಟು, ಸೊಂಟ, ಪಾದ ಎಲ್ಲ ಕಡೆ ಸಣ್ಣ ಸಣ್ಣ ನಯವಾದ ಚಲನೆ, ಒಂಥರಾ ಕುಣಿದಾಡಿದ ಹಾಗೆ, ಕಾಣಬೇಕು. ಅದು ಇಲ್ಲವೇ ಇಲ್ಲ ಅಂದರೆ ಸೆರೆಬ್ರಲ್ ಪಾಲ್ಸಿಯ (ಬೆಳೆಯುವ ಮೆದುಳಿಗೆ ಹಾನಿಯಾಗಿ ಬರುವ ಚಲನೆಯ ತೊಂದರೆ) ಸಾಧ್ಯತೆ ಜಾಸ್ತಿ. ಇದನ್ನು ನೋಡಿ ಹೇಳಲು ತರಬೇತಿ ಪಡೆದವರೇ ಬೇಕು. ಜೊತೆಗೆ ಹ್ಯಾಮರ್‌ಸ್ಮಿತ್ ನರ ಪರೀಕ್ಷೆ (ಮಗುವಿನ ಭಂಗಿ, ಚಲನೆ, ಸ್ನಾಯು ಬಿಗಿತ ನೋಡಿ ಅಂಕ ಕೊಡುವುದು), ಮೆದುಳಿನ ಎಂಆರ್‌ಐ ಸೇರಿಸಿದರೆ 6 ತಿಂಗಳೊಳಗೇ ಎಷ್ಟೋ ಮಕ್ಕಳಲ್ಲಿ ಸಾಕಷ್ಟು ಖಚಿತವಾಗಿ ಹೇಳಬಹುದು.

ಮನೆಯಲ್ಲೂ ಗಮನಿಸಿ. ವರ್ಷ ತುಂಬುವ ಮೊದಲೇ ಮಗು ಯಾವಾಗಲೂ ಒಂದೇ ಕೈ ಚಾಚುತ್ತಾ, ಇನ್ನೊಂದನ್ನು ಮುಷ್ಟಿ ಹಿಡಿದೇ ಇಟ್ಟುಕೊಂಡರೆ, "ಎಡಚ ಇರಬೇಕು" ಅಂತ ಬಿಟ್ಟುಬಿಡಬೇಡಿ. ಡೈಪರ್ ಬದಲಿಸುವಾಗ ಕಾಲುಗಳು ಕತ್ತರಿ ಥರ ಬಿಗಿಯಾಗಿ ಕೂಡಿಕೊಂಡರೂ ಅಷ್ಟೇ, ತೋರಿಸಿ. ಮೊದಲ ವರ್ಷಗಳಲ್ಲಿ ಮೆದುಳು ಬೇಗ ಬೇಗ ಕಲಿಯುತ್ತದೆ ಅಲ್ವಾ, ಅದಕ್ಕೇ ಅನುಮಾನ ಬಂದ ಕೂಡಲೇ ಥೆರಪಿ ಶುರುಮಾಡಿ, ತೊಂದರೆಗೆ ಪಕ್ಕಾ ಹೆಸರು ಸಿಗಲಿ ಅಂತ ಕಾಯಬೇಡಿ.